ಪದ ಪರಿಚಯ: ಕ್ವಾಂಟಮ್ ಲಾಗ್-ಸೊಬೊಲೆವ್ ಅಸಮತೆ

ಪರಿಸರದೊಡನೆ ಸಂಪರ್ಕವಿರುವ ಕ್ವಾಂಟಮ್ ವ್ಯವಸ್ಥೆಯು ಸಾಮಾನ್ಯವಾಗಿ ತನ್ನ ಆರಂಭಿಕ ಸ್ಥಿತಿಯ ಗುರುತುಗಳನ್ನು ಕಳೆದುಕೊಳ್ಳುತ್ತ ಸಮಸ್ಥಿತಿಯತ್ತ ಸಾಗುತ್ತದೆ. ಎಷ್ಟು ವೇಗವಾಗಿ ಸಾಗುತ್ತದೆ ಎಂಬುದಕ್ಕೆ ಮಿತಿ ಹಾಕಿಕೊಡುವ ಸಾಧನಗಳಲ್ಲಿ ಲಾಗ್-ಸೊಬೊಲೆವ್ ಅಸಮತೆ ಪ್ರಮುಖವಾದುದು. ಇಂಥ ಚಲನೆಯ ಸಮೀಕರಣವನ್ನು 1976ರಲ್ಲಿ ಒಂದೆಡೆ ಲಿಂಡ್‌ಬ್ಲಾಡ್, ಇನ್ನೊಂದೆಡೆ ಗೊರಿನಿ, ಕೊಸಕೋವ್‌ಸ್ಕಿ ಮತ್ತು ಸುದರ್ಶನ್ ಕೊಟ್ಟರು. ಈ ಸುದರ್ಶನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರಾಧ್ಯಾಪಕರಾಗಿದ್ದವರು.

ಸಮಸ್ಥಿತಿಯಿಂದ ಎಷ್ಟು ದೂರದಲ್ಲಿದ್ದೇವೆ ಎಂಬುದನ್ನು ಇಲ್ಲಿ ಅಳೆಯುವುದು ಸಾಪೇಕ್ಷ ಎಂಟ್ರೊಪಿಯಿಂದ; ಮುಂದೆ ಬರಿದೆ ಎಂಟ್ರೊಪಿ ಎಂದಲ್ಲೆಲ್ಲ ಇದೇ ಎಂದು ತಿಳಿಯಬೇಕು. ಉಮೆಗಾಕಿ 1962ರಲ್ಲಿ ಇದರ ಕ್ವಾಂಟಮ್ ರೂಪವನ್ನು ನೀಡಿದರು, ಕಾಲ ಕಳೆದಂತೆ ಇದು ಹೆಚ್ಚಲಾರದು ಎಂಬುದು ಲಿಂಡ್‌ಬ್ಲಾಡ್ 1975ರಲ್ಲಿ ಸಾಧಿಸಿದ ಫಲಿತದಿಂದ ಸಿಗುತ್ತದೆ. ಹೆಚ್ಚಲಾರದು ಎಂದಷ್ಟೇ ತಿಳಿದರೆ ಸಾಲದು. ಅದು ಇಳಿಯುವ ದರವು ಆ ಕ್ಷಣದಲ್ಲಿ ಉಳಿದಿರುವ ಎಂಟ್ರೊಪಿಯ ಒಂದು ನಿಶ್ಚಿತ ಪಾಲಿಗಿಂತ ಎಂದೂ ಕಡಿಮೆಯಾಗದು ಎಂಬುದೇ ಲಾಗ್-ಸೊಬೊಲೆವ್ ಅಸಮತೆಯ, ನಿಖರವಾಗಿ ಹೇಳುವುದಾದರೆ ಅದರ ಮಾರ್ಪಡಿಸಿದ ರೂಪದ, ತಿರುಳು. ಇದು ನಿಜವಾದಲ್ಲಿ ಎಂಟ್ರೊಪಿ ಘಾತೀಯವಾಗಿ ಕುಸಿಯಲೇಬೇಕು.

ಒಂದೇ ಕ್ಯೂಬಿಟ್, ಅಂದರೆ ಕ್ವಾಂಟಮ್ ಮಾಹಿತಿಯ ಒಂದು ಬಿಟ್, ತೆಗೆದುಕೊಳ್ಳೋಣ. ಪರಿಸರವು ಗಾಮಾ ಎಂಬ ದರದಲ್ಲಿ ಅದನ್ನು ಸಂಪೂರ್ಣ ಅನಿಶ್ಚಿತ ಸ್ಥಿತಿಯತ್ತ ಎಳೆಯುತ್ತಿದೆ ಎನ್ನೋಣ. ಶುದ್ಧ, ಅಂದರೆ ಪೂರ್ತಿ ನಿಶ್ಚಿತವಾದ, ಸ್ಥಿತಿಯಿಂದ ಹೊರಟರೆ ಸಾಪೇಕ್ಷ ಎಂಟ್ರೊಪಿ ಆರಂಭದಲ್ಲಿ 0.693, ಗಾಮಾದ ವಿಲೋಮದಷ್ಟು ಕಾಲ ಕಳೆಯುವಷ್ಟರಲ್ಲಿ ಅದು ಸುಮಾರು 0.069ಕ್ಕೆ ಇಳಿದಿರುತ್ತದೆ. ಅಸಮತೆ ಕೊಡುವ ಭರವಸೆ ಅದು 0.094ನ್ನು ಮೀರದು ಎಂಬುದು ಮಾತ್ರ, ಹಾಗಾಗಿ ಮಿತಿ ಸರಿಯಾಗಿದ್ದರೂ ತುಸು ಸಡಿಲ.

ಇಷ್ಟಕ್ಕೇ ಆದರೆ ಸ್ಪೆಕ್ಟ್ರಲ್ ಗ್ಯಾಪ್ ಎಂಬ ಹಳೆಯ ಅಳತೆಯೇ, ಅಂದರೆ ಎಲ್ಲಕ್ಕಿಂತ ನಿಧಾನವಾಗಿ ಅಳಿಯುವ ಗುರುತು ಅಳಿಯುವ ದರವೇ, ಸಾಕಿತ್ತು. ಎಂಟ್ರೊಪಿಯ ಬೆಲೆ ಗೊತ್ತಾಗುವುದು ಕ್ಯೂಬಿಟ್‌ಗಳ ಸಂಖ್ಯೆ ಹೆಚ್ಚಿದಾಗ. ಇಂಥ 100 ಕ್ಯೂಬಿಟ್‌ಗಳಿದ್ದರೆ, ಗ್ಯಾಪ್‌ನಿಂದ ಬರುವ ಮಿತಿಯ ಮುಂದೆ ಎರಡರ ಐವತ್ತನೆಯ ಘಾತದಷ್ಟು, ಅಂದರೆ ಹತ್ತರ ಹದಿನೈದನೆಯ ಘಾತವನ್ನೂ ಮೀರಿದ, ಗುಣಕ ಬಂದು ಕೂರುತ್ತದೆ; ಎಂಟ್ರೊಪಿಯ ಮಿತಿಯಲ್ಲಿ ಲಾಗರಿದಮ್ ನುಸುಳುವುದರಿಂದ ಅದೇ ಗುಣಕ 12ಕ್ಕಿಂತ ಕಡಿಮೆ. ಈ ಗುಣಕ ಕರಗುವವರೆಗೆ ಕಾಯಬೇಕಾದ್ದರಿಂದ, ಮೊದಲನೆಯ ಲೆಕ್ಕದಲ್ಲಿ ಸಮಸ್ಥಿತಿಗೆ ಬೇಕಾದ ಕಾಲ ಕ್ಯೂಬಿಟ್‌ಗಳ ಸಂಖ್ಯೆಯೊಂದಿಗೆ ಬೆಳೆಯುತ್ತದೆ, ಎರಡನೆಯದರಲ್ಲಿ ಅದರ ಲಾಗರಿದಮ್‌ನೊಂದಿಗೆ ಮಾತ್ರ. ಕಸ್ತೋರಿಯಾನೊ ಮತ್ತು ಟೆಮ್ 2013ರಲ್ಲಿ ಈ ವ್ಯತ್ಯಾಸವನ್ನೇ ಮುನ್ನೆಲೆಗೆ ತಂದರು. ಕ್ವಾಂಟಮ್ ಸ್ಮೃತಿ ಕಟ್ಟಬೇಕೆಂದಿರುವವರಿಗೆ ಮಾಹಿತಿ ಇಷ್ಟು ಬೇಗ ಅಳಿಯುವುದು ಶುಭಸುದ್ದಿಯಲ್ಲ ಎಂಬುದು ಬೇರೆ ಮಾತು.

ಜ್ಯಾಮಿತಿಯ ಪ್ರವೇಶವಾಗುವುದು ಇಂಥ ಅಸಮತೆಯನ್ನು ಸಾಧಿಸುವುದು ಹೇಗೆ ಎಂಬಲ್ಲಿ. ಗುಡ್ಡದ ಮೇಲಿನ ನೀರು ಅತಿ ಕಡಿದಾದ ದಾರಿ ಹಿಡಿದು ಇಳಿಯುವಂತೆ ವ್ಯವಸ್ಥೆಯೂ ಎಂಟ್ರೊಪಿಯ ಇಳಿಜಾರಿನಲ್ಲಿ ಇಳಿಯುತ್ತದೆ ಎನ್ನಲು, ಸ್ಥಿತಿಗಳ ನಡುವೆ ಸೂಕ್ತವಾದ ದೂರವೊಂದನ್ನು ಕಟ್ಟಬೇಕು. ತೊಡಕೆಂದರೆ, ಕ್ವಾಂಟಮ್ ಸ್ಥಿತಿಯನ್ನು ಬರೆಯುವುದು ಮಾತೃಕೆಯಾಗಿ (ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳಾಗಿ), ಮತ್ತು ಮಾತೃಕೆಗಳನ್ನು ಯಾವ ಕ್ರಮದಲ್ಲಿ ಗುಣಿಸುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ: ಸ್ಥಿತಿಯ ಮಾತೃಕೆಯನ್ನು ಎಡದಿಂದ ಗುಣಿಸಬೇಕೋ ಬಲದಿಂದಲೋ? ಕಾರ್ಲೆನ್ ಮತ್ತು ಮಾಸ್ ಎರಡನ್ನೂ ಬಿಟ್ಟು, ಮಾತೃಕೆಯ ಒಂದು ಘಾತವನ್ನು ಎಡಕ್ಕೂ ಉಳಿದ ಘಾತವನ್ನು ಬಲಕ್ಕೂ ಇಟ್ಟು, ಆ ಹಂಚಿಕೆಯ ಎಲ್ಲ ಬಗೆಗಳ ಸರಾಸರಿಯನ್ನು ಬಳಸಿದರು. ಈ ಆಯ್ಕೆಯಿಂದ, ಎಂಟ್ರೊಪಿಯಲ್ಲಿ ಬರುವ ಸ್ಥಿತಿಯ ಲಾಗರಿದಮ್‌ನ ನಿಷ್ಪನ್ನವು ಮತ್ತೆ ಸ್ಥಿತಿಯ ನಿಷ್ಪನ್ನವಾಗಿ ಮರಳುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಸುಂದರ ಹೆಜ್ಜೆ ಇದು. ಹೀಗೆ ಕಟ್ಟಿದ ಜಾಗದಲ್ಲಿ ರಿಚ್ಚಿ ವಕ್ರತೆಗೆ, ಅಂದರೆ ಜಾಗ ಎಷ್ಟು ಬಾಗಿದೆ ಎಂಬುದರ ಒಂದು ಅಳತೆಗೆ, ಧನಾತ್ಮಕ ಕೆಳಮಿತಿ ಇದ್ದರೆ ಲಾಗ್-ಸೊಬೊಲೆವ್ ಅಸಮತೆ ತಾನಾಗಿಯೇ ದೊರೆಯುತ್ತದೆ. ಆದರೆ 2017ರ ಈ ನಿರ್ಮಾಣಕ್ಕೆ ವಿವರವಾದ ಸಮತೋಲನ ಎಂಬ ನಿಯಮ, ಅಂದರೆ ಸಮಸ್ಥಿತಿಯಲ್ಲಿ ಪ್ರತಿ ಬದಲಾವಣೆಯೂ ಅದರ ಹಿಮ್ಮುಖ ಬದಲಾವಣೆಗೆ ಸರಿಸಮನಾಗಿರಬೇಕೆಂಬುದು, ಪಾಲನೆಯಾಗಬೇಕು. ಸಮಸ್ಥಿತಿಯಲ್ಲಿಯೂ ನಿರಂತರ ಪ್ರವಾಹವಿರುವ ವ್ಯವಸ್ಥೆಗಳಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ.