ಸಕ್ಕರೆಯ ಋಣ

‘ನಮ್ಮ ಮನಸ್ಸಿನಲ್ಲಿದ್ದದ್ದು ಇಂಥದೇ, ಅಚ್ಚಾಗಿ ಬರುವುದನ್ನು ಕಾಯುತ್ತಿದ್ದೇವೆ’ ಎಂಬ ಅರ್ಥದ ಪತ್ರವೊಂದು 1966ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆಹಾರ ವಿಜ್ಞಾನಿ ಮಾರ್ಕ್ ಹೆಗ್‌ಸ್ಟೆಡ್ ಅವರ ಕೈಸೇರಿತು. ಬರೆದವರು ಜಾನ್ ಹಿಕ್‌ಸನ್, ಅಮೆರಿಕದ ಸಕ್ಕರೆ ಉದ್ಯಮದವರು ಕಟ್ಟಿಕೊಂಡಿದ್ದ ಶುಗರ್ ರಿಸರ್ಚ್ ಫೌಂಡೇಶನ್ನಿನ ಅಧಿಕಾರಿ. ಅವರು ಹೀಗೆ ಬೆನ್ನು ತಟ್ಟಿದ್ದು ಇನ್ನೂ ಪ್ರಕಟವಾಗದ ಒಂದು ವಿಜ್ಞಾನ ಪ್ರಬಂಧದ ಕರಡನ್ನು ಓದಿ.

ಮರುವರ್ಷ ಆ ಪ್ರಬಂಧ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಎರಡು ಕಂತುಗಳಲ್ಲಿ ಬಂತು. ಹೃದ್ರೋಗಕ್ಕೆ ಕಾರಣ ಕೊಬ್ಬೋ ಸಕ್ಕರೆಯೋ ಎಂಬ ಜಗಳ ಆಗ ಜೋರಾಗಿತ್ತು. ಹೆಗ್‌ಸ್ಟೆಡ್ ಮತ್ತು ಜೊತೆಗಾರರು ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಾಮರ್ಶಿಸಿ, ಕೊಲೆಸ್ಟರಾಲ್ ತಗ್ಗಿಸಿ, ಕೊಬ್ಬಿನ ಬಗೆ ಬದಲಿಸಿಕೊಂಡರೆ ಸಾಕು ಎಂದು ತೀರ್ಪಿತ್ತರು. ಸಕ್ಕರೆ ಪಾರಾಯಿತು. ಈ ಕೆಲಸಕ್ಕೆ ಫೌಂಡೇಶನ್ ಕೊಟ್ಟಿದ್ದು 6,500 ಡಾಲರ್; 2016ರ ಲೆಕ್ಕದಲ್ಲಿ ಸುಮಾರು 50,000. ಪ್ರಬಂಧದಲ್ಲಿ ಬೇರೆ ದಾನಿಗಳ ಹೆಸರುಗಳಿದ್ದವು, ಇದೊಂದು ಇರಲಿಲ್ಲ.

ವಿಷಯ ಹೊರಬಿದ್ದದ್ದು ಸುಮಾರು ಐವತ್ತು ವರ್ಷಗಳ ನಂತರ. ಕ್ರಿಸ್ಟಿನ್ ಕೆರ್ನ್ಸ್ ಎಂಬ ದಂತವೈದ್ಯೆ ಗ್ರಂಥಾಲಯಗಳಲ್ಲಿ ಉಳಿದಿದ್ದ ಹಳೆಯ ಪತ್ರಗಳನ್ನು ಕೆದಕಿ, ಇಬ್ಬರು ಸಹೋದ್ಯೋಗಿಗಳ ಜೊತೆ 2016ರಲ್ಲಿ ಈ ಕಥೆಯನ್ನು ಪ್ರಕಟಿಸಿದರು. ಅಷ್ಟು ಹೊತ್ತಿಗೆ ಹೆಗ್‌ಸ್ಟೆಡ್ ತೀರಿಕೊಂಡಿದ್ದರು.

ಇಲ್ಲಿ ಯಾರೂ ಅಂಕಿಅಂಶಗಳನ್ನು ತಿದ್ದಿರಲಿಲ್ಲ. ತೂಗುವ ತಕ್ಕಡಿ ಮಾತ್ರ ಬೇರೆಬೇರೆಯಾಗಿತ್ತು. ಸಕ್ಕರೆಯ ಮೇಲೆ ಅನುಮಾನ ಹುಟ್ಟಿಸಿದ ಅಧ್ಯಯನಗಳ ಹುಳುಕನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಕೊಬ್ಬಿನತ್ತ ಬೆರಳು ಮಾಡಿದ ಅಧ್ಯಯನಗಳಲ್ಲಿಯೂ ಅಂಥವೇ ಕೊರತೆಗಳಿದ್ದರೆ ಅಷ್ಟು ಕಟುವಾಗಲಿಲ್ಲ. ಬರವಣಿಗೆ ತಡವಾಗುತ್ತಿರುವುದೇಕೆ ಎಂದು ಉದ್ಯಮದವರು ಕೇಳಿದಾಗ ಹೆಗ್‌ಸ್ಟೆಡ್ ಕೊಟ್ಟ ಉತ್ತರವೂ ಪತ್ರಗಳಲ್ಲಿದೆ: ಸಕ್ಕರೆಯತ್ತ ಬೆರಳು ಮಾಡುತ್ತಿದ್ದ ಅಯೋವಾ ರಾಜ್ಯದ ಸಂಶೋಧಕರ ತಂಡ ಹೊಸ ಪ್ರಬಂಧ ತಂದಾಗಲೆಲ್ಲ ಅದನ್ನು ಖಂಡಿಸಲು ತಾವು ಒಂದು ಭಾಗವನ್ನು ಮತ್ತೆ ಬರೆಯಬೇಕಾಗುತ್ತಿದೆ ಎಂದು. ಹೊಸ ಪುರಾವೆ ಬಂದರೆ ಅದನ್ನು ಓದಿ ಯೋಚಿಸಬೇಕಾದವರು, ಓದುವ ಮೊದಲೇ ಖಂಡನೆಗೆ ಪೆನ್ನು ಹಿಡಿದಿದ್ದರು.

ಹಾಗೆಂದು ಹೆಗ್‌ಸ್ಟೆಡ್ ಮಾರಾಟವಾದರು ಎನ್ನಲು ನನಗೆ ಮನಸ್ಸಿಲ್ಲ. ಕೊಬ್ಬೇ ಅಪರಾಧಿ ಎಂದು ಅವರು ಮೊದಲಿಂದಲೂ ನಂಬಿದ್ದರು, ಅದಕ್ಕೆ ಅವರದೇ ಪ್ರಯೋಗಗಳ ಆಧಾರವೂ ಇತ್ತು. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಜನರಿಗೆ ಸಕ್ಕರೆ ಕಡಿಮೆ ಮಾಡಲು ಹೇಳಿದಾಗ ಆ ವರದಿಯ ಬೆನ್ನಿಗೆ ನಿಂತವರಲ್ಲಿ ಅವರೂ ಒಬ್ಬರು. ಉದ್ಯಮಗಳಿಂದ ಹಣ ಪಡೆಯುವುದು ಆ ಕಾಲದಲ್ಲಿ ಮಾಮೂಲಾಗಿತ್ತು ಎಂದು 2018ರಲ್ಲಿ ಇಬ್ಬರು ಇತಿಹಾಸಕಾರರು ಕೆರ್ನ್ಸ್ ತಂಡಕ್ಕೆ ತಿರುಗೇಟು ಕೊಟ್ಟದ್ದೂ ಉಂಟು. ನನಗೆ ಇದು ಸಮಾಧಾನಕ್ಕಿಂತ ಹೆಚ್ಚು ಕಳವಳದ ಸಂಗತಿ. ಉದ್ಯಮಕ್ಕೆ ಸುಳ್ಳುಗಾರರು ಬೇಕಿಲ್ಲ. ತನಗೆ ಅನುಕೂಲವಾದುದನ್ನು ಆಗಲೇ ಪ್ರಾಮಾಣಿಕವಾಗಿ ನಂಬಿರುವ ಒಬ್ಬರನ್ನು ಹುಡುಕಿ, ಅವರ ಕೈಗೆ ದೊಡ್ಡ ಧ್ವನಿವರ್ಧಕ ಕೊಟ್ಟರೆ ಕೆಲಸ ಆಯಿತು.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕಲಿತು ಬೆಳೆದವರು ನಾವು. ವಿಜ್ಞಾನಿಯಿಂದ ಜಗತ್ತು ಬೇಡುವುದು ಇದಕ್ಕೆ ತದ್ವಿರುದ್ಧವಾದ ಗುಣ: ಉಂಡ ಮನೆಯ ಅನ್ನದಲ್ಲಿ ಕಲ್ಲು ಸಿಕ್ಕರೆ ಊರಿಗೆಲ್ಲ ಕೇಳುವಂತೆ ಹೇಳಬೇಕು. ಸುಲಭವಲ್ಲ.

ಹೆಗ್‌ಸ್ಟೆಡ್ ಪ್ರಬಂಧವನ್ನು ಅಚ್ಚುಹಾಕಿದ್ದ ಅದೇ ಪತ್ರಿಕೆ 1984ರಲ್ಲಿ ಲೇಖಕರು ತಮ್ಮ ಹಿತಾಸಕ್ತಿಯನ್ನು ಬಹಿರಂಗಪಡಿಸುವ ನಿಯಮ ತಂದಿತು. ಈಗ ಬಹುತೇಕ ಪ್ರಬಂಧಗಳ ಕೊನೆಯಲ್ಲಿ ಸಣ್ಣ ಅಕ್ಷರಗಳ ಆ ಸಾಲುಗಳಿರುತ್ತವೆ. ಆದರೆ ಹೇಳಿಕೊಂಡ ಮಾತ್ರಕ್ಕೆ ದೋಷ ಪರಿಹಾರವಾಗದು. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಜಾಡಿಯಲ್ಲಿ ಎಷ್ಟು ಚಿಲ್ಲರೆ ಇದೆ ಎಂದು ದೂರದಿಂದಲೇ ಊಹಿಸಬೇಕು. ಹತ್ತಿರದಿಂದ ನೋಡಿದ ಸಲಹೆಗಾರರು ನೆರವಾಗುತ್ತಾರೆ. ಊಹೆ ಹೆಚ್ಚಾದಷ್ಟೂ ಸಲಹೆಗಾರರಿಗೆ ಲಾಭ. ಈ ಲಾಭದ ವಿಷಯವನ್ನು ಮುಂಚೆಯೇ ಬಹಿರಂಗಪಡಿಸಿದಾಗ ಸಲಹೆಗಾರರು ಇನ್ನೂ ಉಬ್ಬಿಸಿದ ಮೊತ್ತ ಹೇಳಿದರು, ಕೇಳುಗರು ಸಾಕಷ್ಟು ಎಚ್ಚರ ವಹಿಸಲಿಲ್ಲ. ‘ಹೇಳಿಬಿಟ್ಟಿದ್ದೇನಲ್ಲ’ ಎಂಬ ನಿರಾಳ ಮನಸ್ಸಿನ ಕಡಿವಾಣವನ್ನೇ ಸಡಿಲಿಸುತ್ತದೆ.

ಅಂದ ಹಾಗೆ, ಈ ಲೇಖನಕ್ಕೆ ಯಾವ ಉದ್ಯಮವೂ ಹಣ ಕೊಟ್ಟಿಲ್ಲ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವನು ನಾನು ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.