ದೃಷ್ಟಿಯಲ್ಲ, 28 ಡಿಗ್ರಿ

ಬ್ಯಾಡಗಿ ಕಡೆ ಮೆಣಸಿನ ಎಲೆ ಮುದುಡಿದರೆ ಸಾಕು, ದೃಷ್ಟಿ ತಾಗಿತು ಅಂತ ಬದುವಿನಲ್ಲಿ ತೆಂಗಿನಕಾಯಿ ಒಡೆಯುವವರು ಈಗಲೂ ಇದ್ದಾರೆ. ಓದಿದವರು ಇನ್ನೊಂದು ಹೇಳುತ್ತಾರೆ: ಗಿಡ ಸೊರಗಿದೆ, ಅದಕ್ಕೇ ರೋಗ ಹತ್ತಿದೆ, ಯೂರಿಯಾ ಹಾಕಿ. ಹಾಕಿದರೆ ಎಳೆ ಎಲೆ ಜಾಸ್ತಿಯಾಗಿ ರಸ ಹೀರುವ ಹುಳುಗಳಿಗೇ ಹಬ್ಬ. ಎಲೆ ಮುದುಡಿಸುವ ಮುಟುರು ರೋಗದ ವೈರಸ್ ತರುವ ಬಿಳಿ ನೊಣವೂ ಅದೇ ಗುಂಪಿನದು.

ಒತ್ತಡದಲ್ಲಿರುವ ಗಿಡ ಸುಮ್ನೆ ದುರ್ಬಲವಾಗುವುದಿಲ್ಲ. ಯಾವ ಒತ್ತಡ, ಅದಕ್ಕೆ ಜೀವಕೋಶದ ಉತ್ತರ ಏನು ಅನ್ನೋದು ಮುಖ್ಯ.

ತಂಬಾಕು ನೋಡಿ. ಕೆಲವು ತಳಿಗಳಲ್ಲಿ ‘ಎನ್’ ಎಂಬ ಜೀನ್ ಇದೆ. ತಂಬಾಕು ಮೊಸಾಯಿಕ್ ವೈರಸ್ ಒಳಗೆ ಬಂದರೆ ಇದರ ಪ್ರೋಟೀನ್ ಗುರುತು ಹಿಡಿಯುತ್ತದೆ, ಸೋಂಕು ತಗುಲಿದ ಕೋಶಗಳು ತಾವೇ ಸಾಯುತ್ತವೆ. ಬಣವೆಗೆ ಬೆಂಕಿ ಬಿದ್ದರೆ ಸುತ್ತಲಿನ ಮೇವು ಎಳೆದು ಹಾಕಿ ಉಳಿದದ್ದನ್ನು ಕಾಯುತ್ತೇವಲ್ವಾ, ಹಾಗೆ. ಎರಡು ಮೂರು ದಿನದಲ್ಲಿ ಎಲೆ ಮೇಲೆ ಸಣ್ಣ ಕಂದು ಚುಕ್ಕಿಗಳು, ವೈರಸ್ ಅಲ್ಲೇ ಬಂದಿ. 1929ರಲ್ಲಿ ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಹೋಮ್ಸ್ ಇಂಥ ಚುಕ್ಕಿಗಳನ್ನೇ ಎಣಿಸಿ ರೋಗದ ಗಿಡದ ರಸದಲ್ಲಿ ವೈರಸ್ ಎಷ್ಟಿದೆ ಅಂತ ಅಳೆದರು. ಆಗಿನ್ನೂ ವೈರಸ್ಸನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ!

ಈಗ ಸೆಕೆ ಏರಿಸಿ. 28 ಡಿಗ್ರಿ ದಾಟಿದರೆ ಈ ಕಾವಲು ನಿಲ್ಲುತ್ತದೆ. ಕೋಶಗಳು ಸಾಯುವುದಿಲ್ಲ, ಕಂದು ಚುಕ್ಕಿ ಇಲ್ಲ, ವೈರಸ್ ಮಾತ್ರ ಸದ್ದಿಲ್ಲದೆ ಇಡೀ ಗಿಡಕ್ಕೆ ಹಬ್ಬುತ್ತದೆ. ಆ ಗಿಡವನ್ನು ಮತ್ತೆ 22 ಡಿಗ್ರಿಯ ತಂಪಿಗೆ ತಂದಿರೋ, ಕಾವಲು ಎಚ್ಚರಗೊಳ್ಳುತ್ತದೆ, ಎಲ್ಲೆಲ್ಲಿ ವೈರಸ್ ಇದೆಯೋ ಅಲ್ಲೆಲ್ಲ ಕೋಶಗಳು ಒಟ್ಟಿಗೆ ಸಾಯುತ್ತವೆ, ಗಿಡವೇ ಕುಸಿಯುತ್ತದೆ. ಅದನ್ನು ಕೊಂದಿದ್ದು ಅದರದೇ ರಕ್ಷಣೆ. ಮೆಣಸಿನಲ್ಲೂ ಟೊಮೆಟೊ ಸ್ಪಾಟೆಡ್ ವಿಲ್ಟ್ ವೈರಸ್ಸನ್ನು ತಡೆಯುವ ಒಂದು ಜೀನ್ ಹೀಗೇ ಬಿಸಿಗೆ ಕೈಕೊಡುತ್ತದೆ. ನಮ್ಮ ಹಾವೇರಿ, ಗದಗ ಕಡೆ ಬೇಸಿಗೆಯ ಮಧ್ಯಾಹ್ನಕ್ಕೆ 28 ಯಾವ ಲೆಕ್ಕ?

ಹಾಗಂತ ಸೆಕೆ ಯಾವಾಗಲೂ ವೈರಸ್ ಪರವೂ ಅಲ್ಲ. ವೈರಸ್ಸಿನ ಆರ್‌ಎನ್‌ಎಯನ್ನು, ಅಂದರೆ ಅದರ ವಂಶವಾಹಿ ಎಳೆಯನ್ನು, ಹುಡುಕಿ ಚೂರು ಮಾಡುವ ಇನ್ನೊಂದು ರಕ್ಷಣೆ ಗಿಡಕ್ಕಿದೆ. ಅದಕ್ಕೆ ಬೆಚ್ಚಗಿದ್ದರೇ ಚುರುಕು, 15 ಡಿಗ್ರಿಯಲ್ಲಿ ತೀರಾ ಮಂಕು. ಧಾರವಾಡದ ಚಳಿಗಾಲದ ಬೆಳಗಿನ ಜಾವ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವೈರಸ್ಸಾದರೂ ಸುಮ್ನೆ ಕೂರುತ್ತದಾ? ಸೌತೆ ಮೊಸಾಯಿಕ್ ವೈರಸ್ ‘2ಬಿ’ ಎಂಬ ಪ್ರೋಟೀನ್ ತಯಾರಿಸಿ ಆ ಚೂರು ಮಾಡುವ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ.