ಹೆಚ್-ಇಂಡೆಕ್ಸ್ 42 ಅಂತೆ, ಅವರ ಹತ್ರ ಹೋಗ್ಲಾ ಸಾರ್?

ಹೋದ ತಿಂಗಳು ಸಿರುಗುಪ್ಪ ಕಡೆಯ ರೈತರೊಬ್ಬರು ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ಮಗನನ್ನು ಕರ್ಕೊಂಡು ಬಂದಿದ್ದರು. ಹುಡುಗನಿಗೆ 11 ವರ್ಷ. ಫಿಟ್ಸ್ ಬರುತ್ತೆ, ಆದರೆ ತಲೆಗೆ ನೀರು ಹಾಕಿಕೊಂಡಾಗ ಮಾತ್ರ. ಮಾತೆಲ್ಲ ಮುಗಿದ ಮೇಲೆ ಅಪ್ಪ ಜೇಬಿನಿಂದ ಫೋನ್ ತೆಗೆದು ಮುಂದಿಟ್ಟರು. ಬೆಂಗಳೂರಿನ ಮೆದುಳು ವಿಜ್ಞಾನಿಯೊಬ್ಬರ ಗೂಗಲ್ ಸ್ಕಾಲರ್ ಪುಟ, ಅಂದರೆ ಅವರು ಬರೆದ ಸಂಶೋಧನಾ ಲೇಖನಗಳ ಪಟ್ಟಿ. ಕಾಲೇಜಿಗೆ ಹೋಗುವ ಅಕ್ಕನ ಮಗ ಹುಡುಕಿ ಕೊಟ್ಟಿದ್ದನಂತೆ.

"ಇವರ್ದು ಹೆಚ್-ಇಂಡೆಕ್ಸ್ 42 ಐತಂತೆ ಸಾರ್. ಇವರ ಹತ್ರ ಹೋಗ್ಲಾ?"

ನಗು ಬರಲಿಲ್ಲ. ವಿಜ್ಞಾನಿಗಳನ್ನು ಕೆಲಸಕ್ಕೆ ತಗೊಳ್ಳುವವರು, ಪ್ರಮೋಷನ್ ಕೊಡುವವರು ಎಲ್ಲ ಇದೇ ನಂಬರ್ ನೋಡ್ತಾರೆ, ರೋಗಿಯ ಅಪ್ಪ ನೋಡಿದರೆ ತಪ್ಪೇನು?

ಒಬ್ಬರ ಪೇಪರನ್ನು, ಅಂದರೆ ಸಂಶೋಧನಾ ಲೇಖನವನ್ನು, ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಈಗ ನಿಮ್ಮ ಹತ್ರ ಐದು ಪೇಪರ್ ಇವೆ ಅಂದುಕೊಳ್ಳಿ. ಸೈಟೇಶನ್ 25, 9, 6, 4, 1. ಕನಿಷ್ಠ 4 ಸಲ ಹೆಸರಿಸಿದ ಪೇಪರ್ 4 ಇವೆ, ಕನಿಷ್ಠ 5 ಸಲದ್ದು 5 ಇಲ್ಲ. ಹಾಗಾಗಿ ನಿಮ್ಮ ಹೆಚ್-ಇಂಡೆಕ್ಸ್ 4. ತಮಾಷೆ ನೋಡಿ, ಆ 25 ಇದ್ದದ್ದು 2500 ಆದರೂ ನೀವು 4ರಲ್ಲೇ ಕೂತಿರ್ತೀರಿ. ಈ ಲೆಕ್ಕ ಹೊಳೆದದ್ದು 2005ರಲ್ಲಿ, ಕ್ಯಾಲಿಫೋರ್ನಿಯಾದ ಹೋರ್ಹೆ ಹಿರ್ಷ್ ಅನ್ನುವವರಿಗೆ. ಅವರು ಡಾಕ್ಟರಲ್ಲ, ಭೌತವಿಜ್ಞಾನಿ.

ಇನ್ನೊಂದು ವಿಷಯ. ಜಾಸ್ತಿ ಸೈಟೇಶನ್ ಬರೋದು ದೊಡ್ಡ ಶೋಧಕ್ಕೇ ಅಂತೇನಿಲ್ಲ, ಎಲ್ಲರಿಗೂ ಬೇಕಾಗುವ ಸಲಕರಣೆಗೆ ಬರುತ್ತೆ. 1971ರಲ್ಲಿ ಓಲ್ಡ್‌ಫೀಲ್ಡ್ ಅನ್ನುವವರು ಒಂದು ಪ್ರಶ್ನಾವಳಿ ಮಾಡಿದರು. ಬರೆಯೋದು ಯಾವ ಕೈಯಲ್ಲಿ, ಕತ್ತರಿ ಯಾವ ಕೈಯಲ್ಲಿ, ಬೆಂಕಿಕಡ್ಡಿ ಗೀರೋದು ಯಾವ ಕೈಯಲ್ಲಿ, ಇಷ್ಟೇ. ಮೆದುಳಿನ ಸ್ಕ್ಯಾನ್ ಪ್ರಯೋಗಕ್ಕೆ ಬರುವವರು ಎಡಚರೋ ಬಲಚರೋ ಅಂತ ಮೊದಲು ತಿಳಿಯಬೇಕಲ್ವಾ, ಹಾಗಾಗಿ ಅದನ್ನು ಹತ್ತಾರು ಸಾವಿರ ಪೇಪರ್‌ಗಳು ಹೆಸರಿಸಿವೆ. ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಅವರ ಹೆಚ್-ಇಂಡೆಕ್ಸ್ 200 ದಾಟಿದೆ. ಅವರು ತುಂಬ ದೊಡ್ಡ ತಲೆ, ಅನುಮಾನವೇ ಇಲ್ಲ, ಆದರೆ ಸ್ಕ್ಯಾನ್ ವಿಶ್ಲೇಷಣೆಗೆ ಅವರು ಹುಟ್ಟುಹಾಕಿದ ಸಾಫ್ಟ್‌ವೇರನ್ನು ಜಗತ್ತಿನ ಎಷ್ಟೋ ಲ್ಯಾಬ್‌ಗಳು ಬಳಸ್ತವೆ, ಬಳಸಿದವರು ಅದನ್ನು ಹೆಸರಿಸಲೇಬೇಕು, ಅದೂ ಆ ಲೆಕ್ಕದಲ್ಲಿ ಸೇರಿದೆ.

ಇನ್ನು ಆ ಪುಟವನ್ನೇ ಸುಮ್ನೆ ನಂಬೋದು ಬೇಡ. ನನ್ನ ಸ್ಕಾಲರ್ ಪುಟದಲ್ಲಿ ಒಮ್ಮೆ ಭತ್ತದ ರೋಗದ ಮೇಲೆ ಮೂರು ಪೇಪರ್ ಬಂದು ಕೂತಿದ್ದವು! ನನ್ನದೇ ಹೆಸರು, ನನ್ನದೇ ಇನಿಷಿಯಲ್ ಇರುವ ಕೃಷಿ ವಿಜ್ಞಾನಿಯೊಬ್ಬರದ್ದು. ಅಪ್ಪನ ಹೆಸರು, ಊರಿನ ಹೆಸರು ಎರಡಕ್ಷರಕ್ಕೆ ಇಳಿಸಿಕೊಳ್ಳುವ ನಮ್ಮಂಥವರಿಗೆ ಈ ಗೋಳು ಜಾಸ್ತಿ. ಅದಕ್ಕೇ 2012ರಲ್ಲಿ ಸಂಶೋಧಕರಿಗೆ ಆರ್ಕಿಡ್ ಅಂತ 16 ಅಂಕಿಗಳ ಗುರುತು ಸಂಖ್ಯೆ ಬಂತು. ಭತ್ತ ತೆಗೆದುಹಾಕಿದ ಮೇಲೆ ನನ್ನ ಹೆಚ್-ಇಂಡೆಕ್ಸ್ 8ರಿಂದ 6ಕ್ಕೆ ಇಳಿಯಿತು. ಸ್ವಲ್ಪ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಅದೇ ವರ್ಷ ಒಂದು ಇಂಟರ್‌ವ್ಯೂನಲ್ಲಿ ಕೂತಿದ್ದ ಮೂವರೂ ಆ 6 ನೋಡಿದರು, ಪೇಪರ್ ಯಾರೂ ತೆರೆಯಲಿಲ್ಲ.

ಈಗ ಆ ಹುಡುಗನ ವಿಷಯಕ್ಕೆ ಬರ್ತೀನಿ. ಅವನಿಗಿರುವುದು ಬಿಸಿನೀರಿನ ಫಿಟ್ಸ್. ಸುಡುಸುಡು ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದರೆ ಕೆಲವರ ಮೆದುಳು ತಡೆಯಲ್ಲ. ಪ್ರಪಂಚದ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಜಾಸ್ತಿ, ನಮ್ಮ ಕಡೆಯೂ ಆಗಾಗ ಸಿಗುತ್ತೆ. ಇದರ ಬಗ್ಗೆ ಗಟ್ಟಿಯಾಗಿ ಬರೆದವರು ನಿಮ್ಹಾನ್ಸಿನಲ್ಲಿದ್ದ ಪಿ. ಸತೀಶ್ಚಂದ್ರ ಮತ್ತು ಅವರ ಜೊತೆಗಾರರು. ಆ ಪೇಪರ್‌ಗಳಿಗೆ ಎಡಗೈ ಬಲಗೈ ಪ್ರಶ್ನಾವಳಿಯಷ್ಟು ಸೈಟೇಶನ್ ಬರೋದಕ್ಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಈ ಕಾಯಿಲೆ ನೋಡಿದ ಡಾಕ್ಟರ್‌ಗಳೇ ಹೊರಗೆ ಕಮ್ಮಿ, ನೋಡದವರು ಹೆಸರಿಸೋದಾದ್ರೂ ಹೇಗೆ? ಆದರೆ ಆ ದಿನ ನನ್ನ ಟೇಬಲ್ ಮೇಲೆ ಕೆಲಸಕ್ಕೆ ಬಂದದ್ದು ಅವೇ. ಓದಿ ಉಪಯೋಗಿಸಿದೆ, ನಾನು ಪೇಪರ್ ಬರೆಯಲಿಲ್ಲ, ಆದ್ದರಿಂದ ಆ ಉಪಯೋಗ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಫೋನಿನಲ್ಲಿದ್ದ ಪುಟ ಕೆಳಗೆ ಸರಿಸಿ ನೋಡಿದೆ. ಆ 42ರಲ್ಲಿ ಫಿಟ್ಸ್ ಬಗ್ಗೆ ಒಂದೂ ಪೇಪರ್ ಇರಲಿಲ್ಲ. ಎಲ್ಲ ಇಲಿಗಳ ನೆನಪಿನ ಮೇಲೆ. ಅವರು ರೋಗಿಗಳನ್ನು ನೋಡುವವರೇ ಅಲ್ಲ. ನಂಬರ್ ಬಿಟ್ಟು ಪೇಪರಿನ ತಲೆಬರಹ ಓದಿ ಅಂತ ಅಕ್ಕನ ಮಗನಿಗೆ ಹೇಳಿಸಿದೆ.

"ನಿಮ್ದು ಎಷ್ಟು ಸಾರ್?"

"ಆರು."

ಅವರು ಒಂದು ಗಳಿಗೆ ಸುಮ್ಮನಾದರು. ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆಗೆ ಬರೆದುಕೊಟ್ಟೆ. ಇವತ್ತಿನಿಂದ ಹಂಡೆ ಕೆಳಗಿನ ಉರಿ ಕಮ್ಮಿ ಮಾಡಿ, ತಲೆಗೆ ಉಗುರುಬೆಚ್ಚಗಿನ ನೀರು ನಿಧಾನಕ್ಕೆ ಹಾಕಿ, ಒಬ್ಬನನ್ನೇ ಬಚ್ಚಲಿಗೆ ಕಳಿಸಬೇಡಿ, ಅಷ್ಟಕ್ಕೂ ನಿಲ್ಲದಿದ್ದರೆ ಮಾತ್ರೆ ನೋಡೋಣ ಅಂದೆ. ಹುಡುಗ ಅಷ್ಟೊತ್ತಿಗೆ ಬಾಗಿಲ ಹತ್ರ ಹೋಗಿ ನಿಂತಿದ್ದ.